ಮನೆಯ ನೆಲದಲ್ಲೊಂದು ದೇಶ

ನೈಜೀರಿಯಾದಲ್ಲಿ ಹುಟ್ಟಿದ ಕಲಾವಿದೆ ಎನ್‌ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಅವರ ಚಿತ್ರಗಳಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ಯಾರೋ ಸೋಫಾದ ಮೇಲೆ ಕೂತಿರುತ್ತಾರೆ. ಯಾರೋ ಟಿವಿ ನೋಡುತ್ತಿರುತ್ತಾರೆ. ಗಂಡ ಹೆಂಡತಿ ಹಾಸಿಗೆಯ ಮೇಲೆ ಮಾತಿಲ್ಲದೆ ಇರುತ್ತಾರೆ. ಕೆಲವು ಚಿತ್ರಗಳಲ್ಲಿ ಜನರೂ ಇಲ್ಲ, ಟೇಬಲ್ಲು ಮತ್ತು ಅದರ ಮೇಲಿನ ಟೀ ಸಾಮಾನು ಅಷ್ಟೇ. ದೂರದಿಂದ ನೋಡಿದರೆ ಒಂದು ಮನೆಯ ಸಾಮಾನ್ಯ ಮಧ್ಯಾಹ್ನ.

ಹತ್ತಿರ ಹೋದಾಗ ಕಣ್ಣಿಗೆ ಕೆಲಸ ಶುರುವಾಗುತ್ತದೆ. ನೆಲಹಾಸು ಅಂದುಕೊಂಡದ್ದು ಸಾಲು ಸಾಲು ಫೋಟೊಗಳು. ಗೋಡೆಯ ಬಣ್ಣ ಅಂದುಕೊಂಡಲ್ಲಿ ಮದುವೆಮನೆಯ ಗುಂಪು, ಸಿನಿಮಾ ತಾರೆ, ಸಮವಸ್ತ್ರ ತೊಟ್ಟ ಸೇನಾಧಿಕಾರಿ, ಯಾವುದೋ ಹಳೆಯ ಜಾಹೀರಾತು. ಕೆಲವೊಮ್ಮೆ ಕೂತ ವ್ಯಕ್ತಿಯ ಕಾಲಿನ ಮೇಲೂ ಇವೇ ಹಬ್ಬಿರುತ್ತವೆ. ಇವು ಯಾಕೆ ಇಲ್ಲಿವೆ? ಅಲಂಕಾರಕ್ಕಂತೂ ಅಲ್ಲ. ನೆನಪು ಮತ್ತು ಗುರುತು ಎನ್ನುವ ದೊಡ್ಡ ಮಾತುಗಳನ್ನು ಆಧುನಿಕ ಕಲೆಯ ಬಗ್ಗೆ ಬರೆಯುವವರು ಧಾರಾಳವಾಗಿ ಬಳಸುತ್ತಾರೆ. ಅವು ಒಂದು ಚಿತ್ರದೊಳಗೆ ನಿಜವಾಗಿ ಹೇಗೆ ಕೆಲಸ ಮಾಡುತ್ತವೆ ಎಂದು ನೋಡಲು ಇವರ ಕೋಣೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎನ್‌ಜಿಡೆಕಾ ಹುಟ್ಟಿದ್ದು 1983ರಲ್ಲಿ, ನೈಜೀರಿಯಾದ ಎನುಗು ಎಂಬ ಊರಲ್ಲಿ. ಇಗ್ಬೊ ಜನಾಂಗದ ಕುಟುಂಬ. ತಂದೆ ಸರ್ಜನ್, ತಾಯಿ ಡೋರಾ ಅಕುನ್ಯಿಲಿ ಔಷಧಶಾಸ್ತ್ರದ ಪ್ರೊಫೆಸರ್. ಆರು ಮಕ್ಕಳ ತುಂಬು ಮನೆ. ತಾಯಿಗೆ ಅಮೆರಿಕದ ಗ್ರೀನ್ ಕಾರ್ಡ್ ಲಾಟರಿ ಹೊಡೆಯಿತು. 1999ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಎನ್‌ಜಿಡೆಕಾ ಅಮೆರಿಕಕ್ಕೆ ಬಂದರು. ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಜೀವಶಾಸ್ತ್ರದ ಜೊತೆಗೆ ಕಲೆಯನ್ನೂ ಓದಿದರು. ವೈದ್ಯೆಯಾಗುವ ದಾರಿ ಬಿಟ್ಟು ಚಿತ್ರಕಲೆಗೆ ಬಂದು, 2011ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು. ಈಗ ಇರುವುದು ಲಾಸ್ ಏಂಜಲೀಸ್‌ನಲ್ಲಿ. 2017ರಲ್ಲಿ ಅಮೆರಿಕದ ದೊಡ್ಡ ಗೌರವಗಳಲ್ಲೊಂದಾದ ಮ್ಯಾಕಾರ್ಥರ್ ಫೆಲೋಶಿಪ್ ಬಂತು. ಗಂಡ ಜಸ್ಟಿನ್ ಕ್ರಾಸ್ಬಿ ಬಿಳಿಯ ಅಮೆರಿಕನ್, ಕಾಲೇಜಿನಲ್ಲಿ ಪರಿಚಯವಾದವರು. ಚಿತ್ರಗಳಲ್ಲಿ ಪದೇ ಪದೇ ಬರುವ ಗಂಡಸು ಅವರೇ.

ಅಂಟಿಸದ ಕೊಲಾಜ್

ಕೊಲಾಜ್ ಅಂದರೆ ಬೇರೆ ಬೇರೆ ಕಡೆಯ ತುಣುಕುಗಳನ್ನು ಒಂದು ಚಿತ್ರದಲ್ಲಿ ಅಂಟಿಸುವುದು. ಇದು ಶುರುವಾದದ್ದೇ ಮನೆಯ ಸಾಮಾನಿನಿಂದ ಅನ್ನುವುದು ಮಜಾ. 1912ರಲ್ಲಿ ಪಿಕಾಸೊ ಒಂದು ಚಿತ್ರಕ್ಕೆ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡು ಅಂಟಿಸಿದರು. ಅದೇ ವರ್ಷ ಫ್ರೆಂಚ್ ಕಲಾವಿದ ಬ್ರಾಕ್ ಮರದ ಗೆರೆಗಳಿದ್ದ ಗೋಡೆಕಾಗದ ತಂದು ಅಂಟಿಸಿದರು. ಮುಂದೆ 1960ರ ದಶಕದಲ್ಲಿ ರೊಮೇರ್ ಬಿಯರ್ಡನ್ ಎಂಬ ಆಫ್ರಿಕನ್ ಅಮೆರಿಕನ್ ಕಲಾವಿದ, ಕಪ್ಪು ಜನರ ಅಡುಗೆಮನೆ, ಬೀದಿ, ಪ್ರಾರ್ಥನೆಗಳನ್ನು ಪತ್ರಿಕೆಯ ಚೂರುಗಳಿಂದಲೇ ಕಟ್ಟಿದರು.

ಎನ್‌ಜಿಡೆಕಾ ಈ ಸಾಲಿಗೆ ಸೇರಿದವರು, ಆದರೆ ಅವರ ಮುಖ್ಯ ವಿಧಾನದಲ್ಲಿ ಅಂಟು ಇಲ್ಲ. ನೈಜೀರಿಯಾಕ್ಕೆ ಹೋದಾಗಲೆಲ್ಲ ಅವರು ಅಲ್ಲಿನ ಪತ್ರಿಕೆಗಳನ್ನು, ಫೋಟೊಗಳನ್ನು ಕೂಡಿಹಾಕುತ್ತಾರೆ. ಮನೆಯ ಆಲ್ಬಮ್‌ಗಳಿವೆ, ಇಂಟರ್ನೆಟ್ ಇದೆ. ಬೇಕಾದ ಚಿತ್ರಗಳನ್ನು ಆಯ್ದು ಟೋನರ್‌ನಲ್ಲಿ ಪ್ರಿಂಟ್ ತೆಗೆಯುತ್ತಾರೆ. ಟೋನರ್ ಎಂದರೆ ನುಣುಪಾದ ಪ್ಲಾಸ್ಟಿಕ್ ಪುಡಿ. ಲೇಸರ್ ಪ್ರಿಂಟರ್ ಅಥವಾ ಜೆರಾಕ್ಸ್ ಯಂತ್ರದೊಳಗಿನ ಬಿಸಿಗೆ ಕರಗಿ ಅದು ಹಾಳೆಗೆ ಹಿಡಿದಿರುತ್ತದೆ. ಅಸಿಟೋನ್ ಹಾಕಿದರೆ ಮತ್ತೆ ಕರಗುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿರುತ್ತದಲ್ಲ, ಅದೇ ಅಸಿಟೋನ್. ಪ್ರಿಂಟನ್ನು ಚಿತ್ರದ ಕಾಗದದ ಮೇಲೆ ಬೋರಲು ಹಾಕಿ, ಬೆನ್ನಿಗೆ ಅಸಿಟೋನ್ ಸವರಿ, ಗಟ್ಟಿಯಾಗಿ ಉಜ್ಜಬೇಕು. ಪುಡಿ ಹಾಳೆ ಬಿಟ್ಟು ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಚಿಕ್ಕವರಿದ್ದಾಗ ಹಾಳೆಗೆ ಮೇಣದಬತ್ತಿ ತಿಕ್ಕಿ, ಪೇಪರ್‌ನಲ್ಲಿ ಬಂದ ಕ್ರಿಕೆಟ್ ಆಟಗಾರನ ಮೇಲೆ ಒತ್ತಿ, ಚಮಚದ ಹಿಂಬದಿಯಿಂದ ಉಜ್ಜಿ ಚಿತ್ರ ಇಳಿಸಿಕೊಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಮೆರಿಕದ ಕಲಾವಿದ ರಾಬರ್ಟ್ ರಾಷನ್‌ಬರ್ಗ್ 1950ರ ದಶಕದ ಕೊನೆಯಲ್ಲೇ ದ್ರಾವಕ ಬಳಸಿ ಹೀಗೆ ಚಿತ್ರ ಇಳಿಸುತ್ತಿದ್ದರು. ಎನ್‌ಜಿಡೆಕಾ ಇದಕ್ಕೆ ಅಕ್ರಿಲಿಕ್, ಬಣ್ಣದ ಪೆನ್ಸಿಲ್, ಇದ್ದಿಲು, ಕೆಲವು ಕಡೆ ಬಟ್ಟೆ, ಅಮೃತಶಿಲೆಯ ಪುಡಿ ಎಲ್ಲವನ್ನೂ ಸೇರಿಸುತ್ತಾರೆ. ಏಳೆಂಟು ಅಡಿಯ ಕಾಗದದ ಮೇಲೆ ಇದನ್ನು ಮಾಡುವುದು ಸಣ್ಣ ಕೆಲಸವಲ್ಲ. ವರ್ಷಕ್ಕೆ ಕೆಲವೇ ಚಿತ್ರ ಮುಗಿಯುತ್ತವೆ.

ಹೀಗೆ ಇಳಿಸಿದ ಚಿತ್ರಕ್ಕೆ ಅಂಚು ಇರುವುದಿಲ್ಲ. ಅಂಟಿಸಿದ ಚೂರಾದರೆ ಕೈಯಾಡಿಸಿದಾಗ ತಾಗುತ್ತದೆ, ಇದು ಕಾಗದದೊಳಗೇ ಇಳಿದಿರುತ್ತದೆ. ಬಣ್ಣ ಮಾಸಿರುತ್ತದೆ. ಉಜ್ಜಿದ ಕೈ ಎಲ್ಲಿ ಹಗುರವಾಯಿತೋ ಅಲ್ಲಿ ಮುಖದ ಅರ್ಧ ಬರುವುದೇ ಇಲ್ಲ. ಮೊದಲೇ ಪ್ರಿಂಟನ್ನು ತಿರುವಿ ಹಾಕಿರದಿದ್ದರೆ ಎಡ ಬಲವಾಗುತ್ತದೆ, ಅಕ್ಷರ ಹಿಂದುಮುಂದಾಗುತ್ತದೆ. ಮೂಲ ಫೋಟೊ ಹೀಗೆ ಪತ್ರಿಕೆಯಿಂದ ಕಂಪ್ಯೂಟರಿಗೆ, ಅಲ್ಲಿಂದ ಪ್ರಿಂಟಿಗೆ, ಪ್ರಿಂಟಿನಿಂದ ಕಾಗದಕ್ಕೆ ಬರುವಾಗ ಪ್ರತಿ ಹಂತದಲ್ಲೂ ಏನೋ ಒಂದಿಷ್ಟು ಕಳೆದುಕೊಳ್ಳುತ್ತದೆ.

ನೆನಪು ಕೆಲಸ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಂಗ್ಲೆಂಡಿನ ಓದುಗರಿಗೆ ಅಮೆರಿಕದ ಮೂಲನಿವಾಸಿಗಳ ಒಂದು ಕಥೆ ಕೊಟ್ಟು, ಆಮೇಲೆ ನೆನಪಿನಿಂದ ಬರೆಯಿಸಿದ್ದರು. ತಮಗೆ ಅಪರಿಚಿತವಾದದ್ದನ್ನು ಅವರು ಬಿಟ್ಟರು, ಇಲ್ಲವೇ ಪರಿಚಿತವಾದದ್ದಕ್ಕೆ ಬದಲಾಯಿಸಿದರು. ಕಥೆಯ ಕಿರುದೋಣಿ ಅವರ ಬರಹದಲ್ಲಿ ಮಾಮೂಲಿ ದೋಣಿಯಾಗಿತ್ತು. ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಅವರು ವಾದಿಸಿದರು. ಎನ್‌ಜಿಡೆಕಾ ಚಿತ್ರದಲ್ಲೂ ಮನೆ ಹೀಗೆಯೇ ಕಟ್ಟಿದ್ದು. 2012ರ ಒಂದು ಚಿತ್ರದ ಹೆಸರೇ ಒಂದು ವಿಳಾಸ: '5 ಉಮೆಜೆಬಿ ಸ್ಟ್ರೀಟ್, ನ್ಯೂ ಹೇವನ್, ಎನುಗು'. ವಿಳಾಸ ಅಷ್ಟು ಖಚಿತ. ಒಳಗಿನ ದೃಶ್ಯ ಮಾತ್ರ ಒಂದೇ ದಿನದ್ದಲ್ಲ. ಬೇರೆ ಬೇರೆ ಕಾಲದ ನೆನಪುಗಳು ಒಂದೇ ಕೋಣೆಯಲ್ಲಿ ಕೂತಿವೆ.

ಅಂದಹಾಗೆ, ನ್ಯೂ ಹೇವನ್ ಎನುಗುವಿನ ಒಂದು ಬಡಾವಣೆ. ಯೇಲ್ ವಿಶ್ವವಿದ್ಯಾಲಯ ಇರುವ ಅಮೆರಿಕದ ಊರಿನ ಹೆಸರೂ ನ್ಯೂ ಹೇವನ್. ಇಂಥ ಕಾಕತಾಳೀಯ ಸಿಕ್ಕರೆ ಯಾವ ಕಲಾವಿದರು ಬಿಡುತ್ತಾರೆ, ಹೇಳಿ!

ಟೀ, ಬಟ್ಟೆ, ಮರಗೆಣಸು

ಮನೆಯೊಳಗಿನ ವಸ್ತುಗಳನ್ನೇ ಗಮನಿಸುತ್ತ ಹೋದರೆ ಇನ್ನೊಂದು ವಿಷಯ ತೆರೆಯುತ್ತದೆ. ನಮ್ಮ ಊರಿನದು, ನಮ್ಮ ಮನೆಯದು ಎಂದು ನಾವು ಎದೆಗವಚಿಕೊಂಡ ವಸ್ತುಗಳಲ್ಲಿ ಎಷ್ಟೋ ಬೇರೆಲ್ಲಿಂದಲೋ ಬಂದವು.

2013ರ 'ಟೀ ಟೈಮ್ ಇನ್ ನ್ಯೂ ಹೇವನ್, ಎನುಗು' ಚಿತ್ರದಲ್ಲಿ ಮನುಷ್ಯರಿಲ್ಲ. ಟೀ ಕುಡಿಯುವ ಹೊತ್ತಿಗೆ ಸಜ್ಜಾದ ಟೇಬಲ್ ಮಾತ್ರ. ಬ್ರಿಟಿಷರು ನೈಜೀರಿಯಾ ಬಿಟ್ಟು ಹೋದದ್ದು 1960ರಲ್ಲಿ. ಟೀ ಅಭ್ಯಾಸ ಉಳಿಯಿತು. ಆದರೆ ಅವರ ಟೀ ಆಗಿ ಉಳಿಯಲಿಲ್ಲ. ಅಲ್ಲಿ ಟೀ ಎಂದರೆ ಹಾಲಿನಪುಡಿ ಅಥವಾ ಡಬ್ಬಿ ಹಾಲು, ಸಕ್ಕರೆ ಜಾಸ್ತಿ. ಎಷ್ಟೋ ಮನೆಗಳಲ್ಲಿ ಮೈಲೋ, ಬೋರ್ನ್‌ವಿಟಾಗೂ ಟೀ ಅಂತಲೇ ಹೆಸರು. ಬ್ರಿಟಿಷರ ಕಪ್ಪು ಸಾಸರು, ಒಳಗೆ ಇರುವುದು ನೈಜೀರಿಯಾದ್ದು. ಇಂಥ ಟೇಬಲ್‌ಗಳನ್ನು ಎನ್‌ಜಿಡೆಕಾ ಒಬ್ಬ ವ್ಯಕ್ತಿಯ ಭಾವಚಿತ್ರ ಬರೆಯುವಷ್ಟು ಶ್ರದ್ಧೆಯಿಂದ ಬರೆಯುತ್ತಾರೆ. ಆ ಮನೆಯವರು ಯಾರು, ಯಾವ ಕಾಲದವರು, ಎಷ್ಟು ಅನುಕೂಲಸ್ಥರು ಎಂಬುದೆಲ್ಲ ಡಬ್ಬಿ, ಕಪ್ಪು, ದೀಪಗಳಿಂದ ತಿಳಿಯುತ್ತದೆ.

ಬಟ್ಟೆಯ ಕಥೆ ಇನ್ನೂ ಸ್ವಾರಸ್ಯದ್ದು. ಆಫ್ರಿಕಾದ ಬಟ್ಟೆ ಎಂದು ಜಗತ್ತು ಗುರುತಿಸುವ ಢಾಳು ಬಣ್ಣದ ಮೇಣದಚ್ಚಿನ ಬಟ್ಟೆಗೆ ಮೂಲ ಇಂಡೊನೇಷ್ಯಾದ ಬಾಟಿಕ್. ಡಚ್ಚರು ಅದನ್ನು ಯಂತ್ರದಲ್ಲಿ ನಕಲು ಮಾಡಿದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಅದು ಪಶ್ಚಿಮ ಆಫ್ರಿಕಾದಲ್ಲಿ ಗಟ್ಟಿಯಾಗಿ ಬೇರೂರಿತು. ಇವತ್ತಿಗೂ ಅಲ್ಲಿ ಹೆಸರುವಾಸಿಯಾದ ಫ್ಲಿಸ್ಕೊ ಕಂಪನಿ ನೆದರ್ಲೆಂಡ್ಸ್‌ನ ಹೆಲ್ಮಂಡ್ ಊರಲ್ಲಿ 1846ರಲ್ಲಿ ಶುರುವಾದದ್ದು. ಹಾಗಂತ ಈ ಬಟ್ಟೆ ಆಫ್ರಿಕಾದ್ದಲ್ಲ ಅನ್ನಲಾದೀತೆ? ಉಟ್ಟು, ಹೆಸರಿಟ್ಟು, ಮದುವೆಗೆ ಸಾವಿಗೆ ಬಳಸಿ ಅಲ್ಲಿನ ಹೆಂಗಸರು ಅದನ್ನು ತಮ್ಮದಾಗಿಸಿಕೊಂಡು ತಲೆಮಾರುಗಳೇ ಆದವು.

ನೈಜೀರಿಯಾದಲ್ಲಿ ಇನ್ನೊಂದು ರೂಢಿ ಇದೆ. ಮದುವೆ, ಹುಟ್ಟುಹಬ್ಬ, ಶವಸಂಸ್ಕಾರ, ಚುನಾವಣೆ ಏನೇ ಇರಲಿ, ಆ ವ್ಯಕ್ತಿಯ ಮುಖವನ್ನೇ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಬಂದವರೆಲ್ಲ ಅದರಲ್ಲಿ ಉಡುಪು ಹೊಲಿಸಿಕೊಳ್ಳುತ್ತಾರೆ. ಕುಟುಂಬದವರು, ಗೆಳೆಯರು ಒಂದೇ ಥಾನಿನ ಬಟ್ಟೆ ತೊಡುವುದಕ್ಕೆ ಅಸೋ ಎಬಿ ಎನ್ನುತ್ತಾರೆ. ಎನ್‌ಜಿಡೆಕಾ ಅವರ ತಾಯಿ ಡೋರಾ ಅಕುನ್ಯಿಲಿ ಇಂಥ ಬಟ್ಟೆಯ ಮೇಲೆ ಅಚ್ಚಾಗುವಷ್ಟು ದೊಡ್ಡ ಹೆಸರು. 2001ರಲ್ಲಿ ದೇಶದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥೆಯಾಗಿ ನಕಲಿ ಔಷಧದ ದಂಧೆಯ ಮೇಲೆ ಮುಗಿಬಿದ್ದರು. ಅವರ ತಂಗಿ ತೀರಿಕೊಂಡದ್ದು ನಕಲಿ ಇನ್ಸುಲಿನ್‌ನಿಂದ. 2003ರಲ್ಲಿ ಅವರ ಕಾರಿನ ಮೇಲೆ ಗುಂಡು ಹಾರಿಸಿದಾಗ ಒಂದು ಗುಂಡು ತಲೆವಸ್ತ್ರವನ್ನು ಸೀಳಿಕೊಂಡು ಹೋಯಿತು. ಆ ನಕಲಿ ಮತ್ತು ಕಳಪೆ ಮಾಲಿನಲ್ಲಿ ಒಂದು ಪಾಲು ಭಾರತದಿಂದ ಹೋದದ್ದು ಎಂಬುದನ್ನೂ ನಾವು ಇಲ್ಲಿ ಕೂತು ಓದುವಾಗ ಮರೆಯುವ ಹಾಗಿಲ್ಲ. ಮುಂದೆ ಅವರು ಮಂತ್ರಿಯಾದರು, 2011ರಲ್ಲಿ ಸೆನೆಟ್ ಚುನಾವಣೆಗೆ ನಿಂತು ಸೋತರು, 2014ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಮಗಳ 2017ರ ಚಿತ್ರ 'ಡ್ವೆಲ್: ಅಸೋ ಎಬಿ'. ಬಾಲ್ಟಿಮೋರ್ ಮ್ಯೂಸಿಯಂನಲ್ಲಿದೆ. ಕೋಣೆಯಲ್ಲಿ ಒಬ್ಬ ಹೆಂಗಸು ತಲೆ ತಗ್ಗಿಸಿ ಕೂತಿದ್ದಾಳೆ. ಹಿಂದಿನ ಗೋಡೆಯ ತುಂಬ ತಾಯಿಯ ಮುಖವಿರುವ ಬಟ್ಟೆಯ ವಿನ್ಯಾಸ. ವಿಷಯ ಗೊತ್ತಿಲ್ಲದವರಿಗೆ ಅದು ಚಂದದ ಗೋಡೆಕಾಗದ. ನೈಜೀರಿಯಾದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ: ಇದು ಟಿವಿಯಲ್ಲಿ ದಿನಾ ಕಾಣುತ್ತಿದ್ದ ಅಕುನ್ಯಿಲಿ. ಕುಟುಂಬದವರಿಗೆ ಅದೇ ಮುಖ ಅಮ್ಮ. ಒಂದೇ ಗೋಡೆ, ಮೂರು ಥರದ ಓದು.

ಇನ್ನು ಮರಗೆಣಸು. ಲಾಸ್ ಏಂಜಲೀಸ್‌ಗೆ ಬಂದ ಮೇಲೆ ಇವರ ಚಿತ್ರಗಳಿಗೆ ಗಿಡಗಳು ನುಗ್ಗಿದವು. 2015ರ 'ಕಸಾವಾ ಗಾರ್ಡನ್' ಚಿತ್ರದಲ್ಲಿ ಮರಗೆಣಸಿನ ಎಲೆಗಳು ಒಂದರ ಮೇಲೊಂದು ಹರಡಿವೆ, ಅವುಗಳ ನಡುವೆ ಇಳಿಸಿದ ಫೋಟೊಗಳು. ನೈಜೀರಿಯಾದ ಊಟಕ್ಕೆ ಮರಗೆಣಸು ಆಧಾರ. ಜಗತ್ತಿನಲ್ಲೇ ಅತಿ ಹೆಚ್ಚು ಮರಗೆಣಸು ಬೆಳೆಯುವ ದೇಶ ಅದು. ಆದರೆ ಈ ಗಿಡದ ತವರು ದಕ್ಷಿಣ ಅಮೆರಿಕ. 16ನೇ ಶತಮಾನದಲ್ಲಿ ಪೋರ್ಚುಗೀಸರು ಆಫ್ರಿಕಾದ ದಡಕ್ಕೆ ತಂದದ್ದು. ನಮ್ಮ ಕರಾವಳಿ, ಮಲೆನಾಡಿನ ಹಿತ್ತಲಿನ ಮರಗೆಣಸೂ ಅದೇ ಮೂಲದ ಗಿಡ, ಸಮುದ್ರ ದಾಟಿ ಬಂದದ್ದು. ತಾಯ್ನಾಡಿನ ಗುರುತಾಗಿ ಚಿತ್ರಕ್ಕೆ ಬಂದ ಗಿಡವೇ ವಲಸೆ ಬಂದದ್ದು ಎಂದಾದ ಮೇಲೆ, ಶುದ್ಧವಾದ ಒಂದು ಗುರುತು ಎಲ್ಲಾದರೂ ಇದೆಯೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ನೆಲದ ಮೇಲಿನ ಸೇನಾಧಿಕಾರಿಗಳು

ಮನೆಯ ಆಲ್ಬಮ್ಮಿನ ಫೋಟೊ ಸರಿ. ಮಿಲಿಟರಿ ಆಳ್ವಿಕೆಯ ಕಾಲದ ಮುಖಗಳು ಮಲಗುವ ಕೋಣೆಯ ನೆಲದಲ್ಲಿ ಯಾಕೆ?

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎನ್‌ಜಿಡೆಕಾ ಹುಟ್ಟಿದ್ದು 1983. ಆ ವರ್ಷದ ಡಿಸೆಂಬರ್ 31ರಂದು ನೈಜೀರಿಯಾದಲ್ಲಿ ಸೇನಾ ದಂಗೆಯಾಗಿ ಚುನಾಯಿತ ಸರ್ಕಾರ ಬಿತ್ತು. ಬುಹಾರಿ, ಬಬಂಗಿಡಾ, ಅಬಾಚಾ ಹೀಗೆ ಒಬ್ಬರಾದ ಮೇಲೊಬ್ಬ ಜನರಲ್. ಮತ್ತೆ ಚುನಾಯಿತ ಸರ್ಕಾರ ಬಂದದ್ದು 1999ರ ಮೇ ತಿಂಗಳಲ್ಲಿ. ಅದೇ 1999ರಲ್ಲಿ ಈಕೆ ದೇಶ ಬಿಟ್ಟದ್ದು. ಅಂದರೆ ಇವರ ಬಾಲ್ಯ ಬಹುಪಾಲು ಕಳೆದದ್ದು ಮಿಲಿಟರಿ ಆಡಳಿತದಲ್ಲೇ. ಅದಕ್ಕೂ ಹಿಂದೆ, ಇಗ್ಬೊ ಜನ ಹೆಚ್ಚಿದ್ದ ಪೂರ್ವ ನೈಜೀರಿಯಾ ಬಿಯಾಫ್ರಾ ಎಂಬ ಬೇರೆ ದೇಶವಾಗಲು ಹೊರಟಾಗ 1967ರಿಂದ 1970ರ ತನಕ ನಡೆದ ಯುದ್ಧದಲ್ಲಿ ಎನುಗುವೇ ಬಿಯಾಫ್ರಾದ ಮೊದಲ ರಾಜಧಾನಿ. ತಂದೆತಾಯಿಯ ತಲೆಮಾರು ಅದನ್ನು ಕಂಡುಂಡದ್ದು.

ಮಕ್ಕಳಿಗೆ ಇದೆಲ್ಲ ರಾಜಕೀಯವಾಗಿ ಬರುವುದಿಲ್ಲ. ಟಿವಿಯಲ್ಲಿ ಮಾತಾಡುವ ಮುಖವಾಗಿ, ಪತ್ರಿಕೆಯ ಮುಖಪುಟವಾಗಿ, ದೊಡ್ಡವರ ಪಿಸುಮಾತಾಗಿ ಬರುತ್ತದೆ. ಅದರ ಪಕ್ಕದಲ್ಲೇ ಸೋಪಿನ ಜಾಹೀರಾತು, ಪಾಪ್ ಹಾಡುಗಾರ್ತಿ, ಅಕ್ಕನ ಹುಟ್ಟುಹಬ್ಬ. 2016ರ ಒಂದು ಚಿತ್ರಕ್ಕೆ 'ಸೂಪರ್ ಬ್ಲೂ ಓಮೊ' ಎಂದು ಬಟ್ಟೆ ತೊಳೆಯುವ ಪುಡಿಯ ಜಾಹೀರಾತಿನ ಹೆಸರನ್ನೇ ಇಟ್ಟಿದ್ದಾರೆ. ಮನೆ ಮತ್ತು ದೇಶದ ನಡುವೆ ಗೋಡೆ ಇದೆ ಎಂದು ನಾವು ಅಂದುಕೊಂಡಿರುತ್ತೇವೆ. ಇವರು ಆ ಗೋಡೆಯ ಮೇಲೇ ದೇಶವನ್ನು ಅಚ್ಚು ಒತ್ತಿದ್ದಾರೆ. ದೊಡ್ಡ ಚರಿತ್ರೆಯೂ ಚಿಕ್ಕ ಚರಿತ್ರೆಯೂ ಒಂದೇ ಅಳತೆಯ ಚೌಕಗಳಲ್ಲಿ, ಒಂದರ ಪಕ್ಕ ಒಂದು. ಯಾವುದು ಮುಖ್ಯ ಎಂದು ಚಿತ್ರ ಹೇಳುವುದಿಲ್ಲ. ನನಗೆ ಈ ಚಿತ್ರಗಳಲ್ಲಿ ತುಂಬ ಇಷ್ಟವಾದದ್ದು ಇದೇ.

ಮುಖ ತಿರುಗಿಸಿದವರು

ಇವರ ವ್ಯಕ್ತಿಗಳು ನಮ್ಮನ್ನು ನೋಡುವುದು ಕಡಿಮೆ. ಬೆನ್ನು ತೋರಿಸುತ್ತಾರೆ, ಪಕ್ಕಕ್ಕೆ ನೋಡುತ್ತಾರೆ, ಯೋಚನೆಯಲ್ಲಿ ಮುಳುಗಿರುತ್ತಾರೆ. ಡೆನ್ಮಾರ್ಕ್‌ನ ಹಳೆಯ ಚಿತ್ರಕಾರ ವಿಲ್ಹೆಲ್ಮ್ ಹ್ಯಾಮರ್‌ಷೊಯ್ ಎಂದರೆ ಎನ್‌ಜಿಡೆಕಾಗೆ ಮೆಚ್ಚು. ಅವರ ಬೂದು ಕೋಣೆಗಳಲ್ಲೂ ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಿಂತಿರುತ್ತಾಳೆ. ವ್ಯತ್ಯಾಸ ಏನೆಂದರೆ ಅಲ್ಲಿ ಗೋಡೆ ಖಾಲಿ, ಇಲ್ಲಿ ಗೋಡೆಯೇ ಮಾತಾಡುತ್ತದೆ.

ಯೇಲ್ ಕಾಲದ ಮತ್ತು ಅದರ ಬೆನ್ನಿಗೇ ಬಂದ ಚಿತ್ರಗಳ ಹಿಂದೆ ಒಂದು ಕಸಿವಿಸಿ ಇದೆ. ಒಳ್ಳೆಯ ಇಗ್ಬೊ ಮಗಳು ಇಗ್ಬೊ ಹುಡುಗನನ್ನು ಮದುವೆಯಾಗಬೇಕು ಎಂಬ ನಿರೀಕ್ಷೆ. ಈಕೆ ಪ್ರೀತಿಸಿದ್ದು ಅಮೆರಿಕದ ಬಿಳಿಯ ಹುಡುಗನನ್ನು. 2009ರಲ್ಲಿ ಮದುವೆಯೂ ಆಯಿತು, ನೈಜೀರಿಯಾದಲ್ಲೇ. ಆದರೂ ತನ್ನವರನ್ನು ಬಿಟ್ಟುಕೊಟ್ಟೆನೇನೋ ಎಂಬ ಅಳುಕು ಇತ್ತು ಎಂದು ಅವರು ಮಾತಾಡಿದ್ದಾರೆ. 2012ರ ಒಂದು ಚಿತ್ರದ ಹೆಸರು ಕೇಳಿ: 'ಹಾಗೆ ಕಾಣದಿದ್ದರೂ ನಾನು ಯಾವಾಗಲೂ ನಿನ್ನ ಕಡೆಗೇ ಮುಖ ಮಾಡಿದ್ದೇನೆ'. ಈ 'ನೀನು' ಯಾರು? ಗಂಡನೋ? ಹುಟ್ಟಿದ ಮನೆಯೋ? ಒಬ್ಬರ ಕಡೆ ತಿರುಗಿದರೆ ಇನ್ನೊಬ್ಬರಿಗೆ ಬೆನ್ನು ಕಾಣುತ್ತದೆ. ಹೊರಗೆ ಮದುವೆಯಾದ ಯಾವ ಮನೆಮಗಳಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಬದುಕನ್ನು ವಿವರಿಸಲು ವಿಮರ್ಶಕರು ಮುಂಬೈಯಲ್ಲಿ ಹುಟ್ಟಿದ ಚಿಂತಕ ಹೋಮಿ ಭಾಭಾ (ಅಣುವಿಜ್ಞಾನಿ ಭಾಭಾ ಅಲ್ಲ) ಅವರ ಮೂರನೇ ಜಾಗದ ಪರಿಕಲ್ಪನೆಯನ್ನು ತರುತ್ತಾರೆ. ಎರಡು ಸಂಸ್ಕೃತಿಗಳು ಕೂಡಿದಲ್ಲಿ ಎರಡೂ ಅಲ್ಲದ ಹೊಸದೊಂದು ಹುಟ್ಟುತ್ತದೆ ಎಂಬುದು ಅದರ ತಿರುಳು. ವಿಚಾರ ಸರಿಯಾಗಿಯೇ ಇದೆ. ಆದರೆ ಈ ಮಾತು ಈಗ ಎಷ್ಟು ಸವೆದಿದೆ ಎಂದರೆ, ಪ್ರದರ್ಶನದ ಗೋಡೆಬರಹದಲ್ಲಿ ಅದನ್ನು ನೋಡಿದರೆ ಮುಂದೆ ಓದಬೇಕು ಅನಿಸುವುದಿಲ್ಲ. ಅರ್ಧ ನೈಜೀರಿಯಾ, ಅರ್ಧ ಅಮೆರಿಕ ಎಂಬ ಪಾಲು ಪಟ್ಟಿಯೂ ಕೆಲಸಕ್ಕೆ ಬರುವುದಿಲ್ಲ. ಚಿತ್ರದಲ್ಲಿ ನಡೆಯುವುದು ಇನ್ನೂ ನಿರ್ದಿಷ್ಟವಾದದ್ದು. ಯಾರಿಗೆ ಏನು ಕಾಣುತ್ತದೆ ಎಂಬುದನ್ನು ಕಲಾವಿದೆ ಲೆಕ್ಕ ಹಾಕಿ ಇಟ್ಟಿದ್ದಾರೆ. ಕೋಣೆಯ ಕಟ್ಟಡ, ಕುರ್ಚಿ, ಕಿಟಕಿ ಅಮೆರಿಕದವರಿಗೆ ಪರಿಚಿತ. ಯುರೋಪಿನ ಚಿತ್ರಕಲೆ ಬಲ್ಲವರಿಗೆ ಭಂಗಿಗಳು ಪರಿಚಿತ. ನೆಲದಲ್ಲಿರುವ ಹಾಡುಗಾರ್ತಿಯ ಮುಖ ಎಂಬತ್ತರ ದಶಕದಲ್ಲಿ ನೈಜೀರಿಯಾದ ಲಾಗೋಸ್ ನಗರ ಕಂಡವರಿಗಷ್ಟೇ ಗೊತ್ತು. ಆಲ್ಬಮ್ಮಿನ ಫೋಟೊದಲ್ಲಿ ಅಕ್ಕನ ಪಕ್ಕ ನಿಂತವರು ಯಾರು ಎಂಬುದು ಮನೆಯವರಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಚಿತ್ರವನ್ನು ಪೂರ್ತಿ ಓದಬಲ್ಲವರು ಬಹುಶಃ ಒಬ್ಬರೇ. ಉಳಿದವರೆಲ್ಲ ತಮ್ಮ ಪಾಲಿನಷ್ಟು ಓದುತ್ತಾರೆ.

ಅದಕ್ಕೇ ಅಡಿಟಿಪ್ಪಣಿ ಇಲ್ಲದೆ ಬಿಟ್ಟಿರುವುದು ಸರಿ ಅನಿಸುತ್ತದೆ. ವಲಸೆ ಹೋದವರು ಹೊಸ ಊರಿನಲ್ಲಿ ತಮ್ಮನ್ನು ತಾವು ದಿನಾ ವಿವರಿಸಿಕೊಳ್ಳಬೇಕಾಗುತ್ತದೆ: ಹೆಸರು ಹೀಗೆ ಹೇಳಿ, ಊಟ ಇದು, ಹಬ್ಬ ಇದು. ಈ ಕೋಣೆಗಳಲ್ಲಿ ಆ ಕಾಟ ಇಲ್ಲ. ಗೊತ್ತಿಲ್ಲದವರು ಗೊತ್ತಿಲ್ಲದೆಯೇ ಸ್ವಲ್ಪ ಹೊತ್ತು ನಿಲ್ಲಬೇಕು.

ಒಂದು ಆಕ್ಷೇಪ ಬರಬಹುದು. ಇದು ಹಳೆಯದಕ್ಕೆ ಹಂಬಲಿಸುವ ಚಿತ್ರ ಅಲ್ವಾ? ಸೀಮೆಎಣ್ಣೆ ದೀಪ, ಅಜ್ಜಿಯ ಟೇಬಲ್ಲು, ಹಳೆಯ ಟಿವಿ. ಹದಿನಾರಕ್ಕೆ ಊರು ಬಿಟ್ಟವರ ತಲೆಯಲ್ಲಿ ಊರು ಅಲ್ಲಿಗೇ ನಿಂತಿರುತ್ತದೆ, ನಿಜವಾದ ಊರು ಮುಂದೆ ಹೋಗಿರುತ್ತದೆ. ಇದರಲ್ಲಿ ಸತ್ಯವಿದೆ. ಅನುಕೂಲಸ್ಥ, ಓದಿದ ಕುಟುಂಬದ ಮನೆಗಳು ಇವು ಎಂಬುದನ್ನೂ ಮರೆಯಬಾರದು. ಆದರೆ ಆಫ್ರಿಕಾ ಎಂದರೆ ಹಸಿವು, ಯುದ್ಧ ಎಂದೇ ತೋರಿಸುತ್ತ ಬಂದವರ ನಡುವೆ ಸುಮ್ನೆ ಸೋಫಾದ ಮೇಲೆ ಕೂತ ನೈಜೀರಿಯಾದ ಹೆಂಗಸನ್ನು ಎಂಟಡಿ ಕಾಗದದ ಮೇಲೆ ಬರೆಯುವುದೂ ಒಂದು ಗಟ್ಟಿ ನಿಲುವೇ. 2014ರ 'ಮಾಮಾ, ಮಮ್ಮಿ ಆ್ಯಂಡ್ ಮಮ್ಮಾ' ಚಿತ್ರದಲ್ಲಿ ಸಹೋದರಿ ಟೇಬಲ್ ಬಳಿ ಕೂತಿದ್ದಾರೆ, ಅಮ್ಮ ಮತ್ತು ಅಜ್ಜಿ ಗೋಡೆಯ ಫೋಟೊಗಳಲ್ಲಿದ್ದಾರೆ. 2015ರಲ್ಲಿ ಇದೇ ವಸ್ತು ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂ ಎದುರಿನ ಕಟ್ಟಡದ ಮೇಲೆ ಬೃಹತ್ ಗೋಡೆಚಿತ್ರವಾಗಿ ನಿಂತಿತು. ಒಂದು ಮನೆಯ ಮೂರು ತಲೆಮಾರು, ದಾರಿಹೋಕರ ಕಣ್ಣೆದುರು.

ಮಾರುಕಟ್ಟೆಯ ಕಥೆ ಚಿಕ್ಕದು. 2016ರಲ್ಲಿ ಇವರ ಒಂದು ಚಿತ್ರ ಹರಾಜಿನಲ್ಲಿ ಸುಮಾರು 11 ಲಕ್ಷ ಡಾಲರಿಗೆ ಹೋಯಿತು. 2018ರಲ್ಲಿ ಇನ್ನೊಂದು 30 ಲಕ್ಷ ಡಾಲರ್ ದಾಟಿತು. ಚಿತ್ರಗಳು ಕಡಿಮೆ, ಬೇಡಿಕೆ ಜಾಸ್ತಿ. ಅದರ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ.

ನಮ್ಮಲ್ಲಿ ಹೆಚ್ಚಿನವರು ಈ ಚಿತ್ರಗಳನ್ನು ನೋಡುವುದು ಮೊಬೈಲ್‌ನಲ್ಲೇ. ಅಂಗೈಯಗಲದ ತೆರೆಯಲ್ಲಿ ಕೋಣೆ ಮಾತ್ರ ಕಾಣುತ್ತದೆ, ನೆಲದ ಮುಖಗಳು ಬರೀ ಕಂದು ಕಲೆಗಳಾಗುತ್ತವೆ. ಅರ್ಧ ಚಿತ್ರ ಅಲ್ಲೇ ಹೋಯಿತು. ಲಂಡನ್ನಿನ ಟೇಟ್, ನ್ಯೂಯಾರ್ಕ್‌ನ ಮೋಮಾ ಮತ್ತು ವಿಟ್ನಿ ಮ್ಯೂಸಿಯಂಗಳ ಸಂಗ್ರಹಗಳಲ್ಲಿ ಇವರ ಕೃತಿಗಳಿವೆ. ಸಾಧ್ಯವಾದಷ್ಟು ದೊಡ್ಡ ಚಿತ್ರ ಹುಡುಕಿ, ಕಂಪ್ಯೂಟರಿನಲ್ಲಿ ತೆರೆದು, ಕೂತವರನ್ನು ಸ್ವಲ್ಪ ಹೊತ್ತು ಮರೆತು ಕೆಳಗಿನ ಮೂಲೆಯಿಂದ ನೋಡಲು ಶುರು ಮಾಡಿ. ಮೋಮಾದಲ್ಲಿರುವ, ಕಲಾವಿದೆ ತಮ್ಮನ್ನೇ ಬರೆದುಕೊಂಡ 2021ರ ಭಾವಚಿತ್ರದಿಂದ ಆರಂಭಿಸಿದರೂ ಆದೀತು. ಅದರಲ್ಲಿ ಕಲಾವಿದೆ ಮಗುವನ್ನು ಹಿಡಿದು ಕೂತಿದ್ದಾರೆ, ಸುತ್ತ ದಟ್ಟ ಗಿಡಗಳು. ಎಲೆಗಳ ನಡುವೆ ಯಾರ್ಯಾರಿದ್ದಾರೆ ಎಂದು ಹುಡುಕಲು ಒಂದು ಭಾನುವಾರದ ಬೆಳಿಗ್ಗೆ ಬೇಕಾಗುತ್ತದೆ.